ಹಕ್ಕಿಗಳ ಮೇಷ್ಟ್ರು

ರಾಮಾಪುರದ ಕಾಡಂಚಿನಲ್ಲಿ ಆನೆಗಳಿಂದ ರಾಗಿ ಕಾಯುವ ರಂಗಸ್ವಾಮಿಯ ಪ್ರಕಾರ, ಹಕ್ಕಿಗಳಿಗೆ ಬೆಳಗಿನ ಜಾವ ಕೂಗಲು ಕಲಿಸಿದ್ದೇ ಅವನು. ಮಬ್ಬು ಹರಿಯುವಾಗ ಅಟ್ಟಣೆಯ ಮೇಲೆ ನಿಂತು ಅವನು ‘ಓಹೋಯ್’ ಎನ್ನಬೇಕು, ಆಮೇಲಷ್ಟೇ ಕಾಜಾಣಕ್ಕೆ ಬಾಯಿ ಬರುವುದು. ಆನೆ ತಡೆಯುವ ಬೇಲಿಗೆಂದು ಐದು ವರ್ಷದಿಂದ ಬರೀ ಟೇಪು ಹಿಡಿದು ಅಳೆಯುತ್ತಿರುವ ಅರಣ್ಯ ಇಲಾಖೆಯ ಸಾಹೇಬರು, ಹಕ್ಕಿ ಕೂಗುವುದು ಗಡಿ ಕಾಯಲು, ಸಂಗಾತಿಯನ್ನು ಕರೆಯಲು ಎಂದು ಪಾಠ ಹೇಳಿದರೆ ನಗುತ್ತಾನೆ: “ಮನೇಲಿ ಮಲಗೋರ್ಗೆ ಏನ್ ಗೊತ್ತು ಸಾ! ರಾತ್ರಿ ಕಳೀತು, ನಾನಿವ್ನಿ, ನೀನಿದ್ದೀಯೇನ್ಲಾ ಅಂತ ಕೇಳ್ತವೆ ಕಣ್ರಿ.” ಹಾಗೆಯೇ ಸುತ್ತಲಿನ ಅಟ್ಟಣೆಗಳೆಲ್ಲ ಓಗೊಡುವವರೆಗೆ ಅವನು ಕೆಳಗಿಳಿಯುವುದಿಲ್ಲ. ಹೋದ ಸುಗ್ಗಿಯಲ್ಲಿ ಆನೆ ತುಳಿದು ಸತ್ತ ಗೋವಿಂದಯ್ಯನ ಅಟ್ಟಣೆಯಿಂದ ಈ ವರ್ಷ ಓಗೊಡುವವಳು ಅವನ ಹೆಂಡತಿ ಚಾಮುಂಡಮ್ಮ: “ಇವ್ನಿ ಕಣಣ್ಣೋ!”