ಮ್ಯಾಪಿನ ಅಕ್ಕಾರಿಗೂ ಒಂದು ರೀ

ಸಾಹಿತ್ಯ ಗೋಷ್ಠಿಗೆಂದು ಬಂದಿದ್ದ ಮೈಸೂರಿನ ಗೆಳೆಯರೊಬ್ಬರನ್ನು ಹುಬ್ಬಳ್ಳಿ ಸ್ಟೇಷನ್ನಿನಿಂದ ಕರೆತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಟೋ ಹತ್ತಿದ್ದೇ ತಡ, ಅವರು ಫೋನಿನಲ್ಲಿ ಮ್ಯಾಪ್ ಹಚ್ಚಿಕೊಂಡು, "ನಿಮ್ಮ ಕಡೆ ಭಾಷೆ ಸ್ವಲ್ಪ ಒರಟು, ಅಲ್ವಾ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಬಂದವರು ಅತಿಥಿಗಳು.

ದುರ್ಗದಬೈಲ್ ಹತ್ತಿರ ಮ್ಯಾಪು ಹೆಣ್ಣುದನಿಯಲ್ಲಿ, "ಬಲಕ್ಕೆ ತಿರುಗಿ" ಎಂದಿತು.

"ಅಲ್ಲೆ ರಸ್ತಾ ಅಗದಾರ್ರಿ ಅಕ್ಕಾರ, ಮುಂದ ಹೋಗಿ ತಿರುಗ್ತೇನ್ರಿ" ಎಂದರು ಆಟೋ ಓಡಿಸುತ್ತಿದ್ದ ಕಾಕಾ.

ಗೆಳೆಯರು ನಕ್ಕರು. "ಅದು ಬರೀ ಮಶೀನು!"

"ಖರೇರಿ ಸಾಹೇಬ್ರ. ಆದ್ರ ಅವರು ನನಗ ‘ತಿರುಗು’ ಅನ್ಲಿಲ್ಲಲ್ರಿ, ‘ತಿರುಗಿ’ ಅಂದ್ರು. ಮರ್ಯಾದಿ ಕೊಟ್ಟವರಿಗೆ ಮರ್ಯಾದಿ ಕೊಡಬೇಕಲ್ರಿ?"

ನನ್ನ ಎದೆ ಉಬ್ಬಿತು. "ನಮ್ಮಲ್ಲಿ ಬೈಯುವಾಗಲೂ ರೀ ಬಿಡೋದಿಲ್ಲ" ಎಂದುಬಿಟ್ಟೆ. ಗೆಳೆಯರು ನಂಬಲಿಲ್ಲ.

ಅಷ್ಟರಲ್ಲಿ ಬೈಕೊಂದು ಅಡ್ಡ ನುಗ್ಗಿತು. ಕಾಕಾ ಗಕ್ಕನೆ ಬ್ರೇಕ್ ಒತ್ತಿ, ತಲೆ ಹೊರಗೆ ಹಾಕಿ, ಗಂಟಲು ಹರಿಯುವಂತೆ ಕೂಗಿದರು:

"ಸಾಯಾಕ ಹೊಂಟೀರೇನ್ರೀ?"

ಗೆಳೆಯರು ಬೈಕಿಗೆ ಹೆದರಿದ್ದರು. ನಾನು ಮಾತ್ರ ಆ ಕೊನೆಯ ‘ರೀ’ ಬರುವವರೆಗೆ ಉಸಿರು ಬಿಗಿಹಿಡಿದು ಕೂತಿದ್ದೆ.