ಖಾಲಿ ಚಿತ್ರಗಳಲ್ಲಿ ಬೆಕ್ಕು ಹುಡುಕುವ ಕಾತ್ಯಾಯಿನಿ

ಜಪಾನಿನ ಹಮಾಮತ್ಸುವಿನಲ್ಲಿ ಬೆಳಗಿನ ಐದು ಗಂಟೆ. ಪತಿ ದಿನೇಶ ಕಾರ್ಖಾನೆಗೆ ಹೊರಡಲು ಮಾಸ್ಕ್ ಹುಡುಕುತ್ತಿದ್ದರೆ, ಕಾತ್ಯಾಯಿನಿ ಊಟದ ಮೇಜಿನ ಮೇಲೆ ಕೀನ್ಯಾದ ಹುಲ್ಲುಗಾವಲನ್ನು ಹರಡಿಕೊಂಡು ಕೂತಿದ್ದಾರೆ. ಲ್ಯಾಪ್‌ಟಾಪ್ ಪರದೆಯಲ್ಲಿ ಹುಲ್ಲು. ಮುಂದಿನ ಚಿತ್ರದಲ್ಲೂ ಹುಲ್ಲು. ಅದರ ಮುಂದಿನದರಲ್ಲೂ ಹುಲ್ಲೇ.

"ಜನ ಸಫಾರಿಲಿ ಸಿಂಹ ನೋಡ್ತಾರೆ. ನಮ್ಮನೆಯವ್ರು ಮೇವು ನೋಡ್ತಾರೆ" ಎಂದು ದಿನೇಶ ಛೇಡಿಸುತ್ತಾರೆ.

"ಸಿಂಹ ಯಾರಿಗ್ ಬೇಕಾದ್ರೂ ಕಾಣತ್ತೆ ಕಣ್ರೀ" ಎನ್ನುತ್ತಾರೆ ಆಕೆ, ಪರದೆಯಿಂದ ಕಣ್ಣು ಕೀಳದೆ.

ಕೊರೊನಾದಿಂದಾಗಿ ಸಫಾರಿ ಜೀಪುಗಳು ನಿಂತು ಇದು ಎರಡನೆಯ ವರ್ಷ. ಕಾಡುಬೆಕ್ಕುಗಳ ಸುಳಿವು ಹಿಡಿಯುತ್ತಿದ್ದ ಚಾಲಕರು ಊರು ಸೇರಿದ ಮೇಲೆ, ಅಲ್ಲಿನ ಪುಟ್ಟ ವನ್ಯಧಾಮವೊಂದಕ್ಕೆ ಕಣ್ಣಾಗಿ ಉಳಿದಿರುವುದು ಮರಗಳಿಗೆ ಕಟ್ಟಿದ ಇಪ್ಪತ್ತಾರು ಕ್ಯಾಮೆರಾಗಳು. ಚಿತ್ರಗಳು ಜಪಾನಿನದೇ ನೋಮಿ ಎಂಬ ಊರಿನ ಸಂಶೋಧನಾ ತಂಡವೊಂದಕ್ಕೆ ಬರುತ್ತವೆ. ಪ್ರಾಣಿಯಿರುವ ಚಿತ್ರವನ್ನು ಯಂತ್ರವೇ ಹೆಕ್ಕುತ್ತದೆ. ಅದು ಖಾಲಿಯೆಂದು ಎಸೆದದ್ದು ಕಾತ್ಯಾಯಿನಿಯವರ ಪಾಲು: ದಿನಕ್ಕೆ ಒಂಬೈನೂರು ಚಿತ್ರ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುತ್ತಿದ್ದ ಅವರಿಗೆ ಜಪಾನಿನಲ್ಲಿ ಭಾಷೆ ಬಾರದೆ ಏಳು ವರ್ಷ ಕೆಲಸವಿರಲಿಲ್ಲ. "ಬಾಯಿ ಬಿಡ್ದೆ ಮಾಡೋ ಕೆಲ್ಸ ಇದೊಂದೇ ಸಿಕ್ಕಿದ್ದು" ಎಂದು ನಗುತ್ತಾರೆ.

ಅವರು ಚಿತ್ರಗಳನ್ನು ನೋಡುವುದು ಕೊನೆಯಿಂದ ಮೊದಲಿಗೆ. "ಬೆಕ್ಕು ಹೋದ್ಮೇಲೆ ಹುಲ್ಲು ಹೇಗ್ ನಿಂತಿರತ್ತೆ ಅಂತ ಮೊದ್ಲು ನೋಡ್ಕೊಂಡ್ರೆ, ಅದು ಇದ್ದಾಗಿನ ಡಿಫರೆನ್ಸ್ ತಾನಾಗೇ ಕಾಣತ್ತೆ."

ಒಮ್ಮೆ ಮಾತ್ರ ನೋಡಲೇ ಇಲ್ಲ. ಮೇ ಕೊನೆಯ ವಾರ ಮಗಳು ತನ್ವಿಗೆ ಜ್ವರ. ಕೊರೊನಾ ಪರೀಕ್ಷೆಯ ಫಲಿತಾಂಶ ಬರುವವರೆಗೆ ತಾಯಿಯ ಜೀವ ಕೈಯಲ್ಲಿ. ಆ ದಿನ ಹನ್ನೊಂದನೆಯ ಕ್ಯಾಮೆರಾದ ಮುನ್ನೂರು ಚಿತ್ರಗಳನ್ನು ತೆರೆಯದೆಯೇ, ಕಂಡ ಬೆಕ್ಕುಗಳ ಕಾಲಂನಲ್ಲಿ ಸೊನ್ನೆ ಬರೆದು ಕಳಿಸಿದರು. ಜ್ವರ ಮಾಮೂಲಿಯದಾಗಿತ್ತು. ಆದರೆ ಜೂನ್‌ನಲ್ಲಿ ಸುದ್ದಿ ಬಂತು: ಕಾವಲುಗಾರರು ಸಾಲದ ಕಾರಣ, ನಲವತ್ತು ದಿನಗಳಿಂದ ಬೆಕ್ಕು ಕಾಣದ ಜೌಗು ಪ್ರದೇಶದ ಗಸ್ತು ನಿಲ್ಲಲಿದೆ. ಅದು ಹನ್ನೊಂದನೆಯ ಕ್ಯಾಮೆರಾದ ಜೌಗು. ಗಸ್ತು ನಿಂತರೆ ಉರುಳು ಹಾಕುವವರದ್ದೇ ರಾಜ್ಯ.

ಕಾತ್ಯಾಯಿನಿ ತಂಡದ ಮೊರಿತಾ ಸಾನ್‌ಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡರು. ಯಂತ್ರವೂ ಖಾಲಿಯೆಂದೇ ಹೇಳಿದೆಯಲ್ಲ, ಇರಲಿ ಬಿಡಿ ಎಂದರಂತೆ ಅವರು.

"ಹತ್ತು ಸಲ ಸುಮಿಮಾಸೆನ್, ಕ್ಷಮಿಸಿ ಅಂದೆ. ಫೈಲ್ ವಾಪಸ್ ಕೊಡಿ ಅಂತಾನೂ ಹತ್ತು ಸಲ ಕೇಳ್ದೆ."

ಫೈಲು ಬಂತು. ಮುನ್ನೂರು ಚಿತ್ರ, ಕೊನೆಯಿಂದ ಮೊದಲಿಗೆ. ತನ್ವಿ ಭುಜದ ಮೇಲೆ ಗದ್ದವೂರಿ ಕೇಳಿದಳು: "ಅಮ್ಮಾ, ಸ್ಟಿಲ್ ಗ್ರಾಸ್?"

ಕಾತ್ಯಾಯಿನಿ ಚಿತ್ರವನ್ನು ಹಿಗ್ಗಿಸಿದರು. ಒಣಹುಲ್ಲಿನ ನಡುವೆ, ಕಪ್ಪಿನೊಳಗೆ ಎರಡು ಬಿಳಿ ಚುಕ್ಕೆ. ಸರ್ವಲ್ ಎಂಬ ಉದ್ದಕಾಲಿನ ಕಾಡುಬೆಕ್ಕಿನ ಕಿವಿಯ ಹಿಂಬದಿ ಇರುವುದೇ ಹಾಗೆ. ಅದರ ಮಗ್ಗುಲಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣವು, ಇನ್ನೆರಡು ಜೋಡಿ. ತಾಯಿ, ಎರಡು ಮರಿ. ಮೂರೂ ಕ್ಯಾಮೆರಾಗೆ ಬೆನ್ನು ಹಾಕಿ ಕೂತಿವೆ.

"ಕವಾಯಿ! ಸೋ ಕ್ಯೂಟ್! ಬೇಬೀಸ್!" ಎಂದು ತನ್ವಿ ಕುಣಿದಳು. ತಾಯಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಜೌಗಿನ ಗಸ್ತು ಮುಂದುವರಿದಿದೆ. ತಂಡದ ವರದಿಯಲ್ಲಿ ಕಾತ್ಯಾಯಿನಿಯವರ ಹೆಸರಿಲ್ಲ. ಎಲ್ಲ ತೆರೆದ ಮೇಲೆ ಅಲ್ಲಿಗೊಮ್ಮೆ ಹೋಗುವ ಆಸೆಯಿಲ್ಲವೇ ಎಂದರೆ, ಇಲ್ಲವೆಂದು ತಲೆಯಾಡಿಸುತ್ತಾರೆ.

"ನಾನ್ ಹೋದ್ರೆ ಅವು ಓಡ್ಹೋಗ್ತವೆ ಅಷ್ಟೆ. ಸೊನ್ನೆ ಅಳ್ಸಿ ಮೂರು ಅಂತ ಬರ್ದೆನಲ್ಲ, ನಂಗದು ಸಾಕು."