ಗೆರೆ ಡಾಕ್ಟರು

ಆಸ್ಪತ್ರೆಯ ನೆಲಮಹಡಿಯ ಓಣಿ ಮುಗಿಯುವಲ್ಲಿ ಒಂದು ಚಿಕ್ಕ ಕೋಣೆ. ಅದರೊಳಗೆ ಒಂದು ಮಂಚ, ಒಂದು ಹಸಿರು ಪರದೆ, ಒಂದು ಇಸಿಜಿ ಯಂತ್ರ, ಮತ್ತೆ ಬಾಯಿಗೆ ಬೀಗ ಹಾಕಿಕೊಂಡ ಒಬ್ಬ ಮನುಷ್ಯ. ಬೀಗ ಅವನದಲ್ಲ, ಆಸ್ಪತ್ರೆಯದು. ಎದೆಯ ಗೆರೆ ತೆಗೆಯುವವನು ಅದನ್ನು ಓದಿ ರೋಗಿಗೆ ಹೇಳುವಂತಿಲ್ಲ. ಹೇಳುವುದು ಡಾಕ್ಟರ ಕೆಲಸ, ಇವನದು ತೆಗೆದು ಕೊಡುವುದಷ್ಟೇ.

ಗುಲಾಬಿ ಚೌಕಳಿಯ ಕಾಗದ ಯಂತ್ರದಿಂದ ಸರಸರ ಹೊರಬರುವಾಗ ಮಂಚದ ಮೇಲೆ ಮಲಗಿದವರ ಕಣ್ಣು ಕಾಗದದ ಮೇಲಿರುವುದಿಲ್ಲ, ಇವನ ಮುಖದ ಮೇಲಿರುತ್ತದೆ. ಹುಬ್ಬು ಮೇಲೆ ಹೋಯಿತೇ, ತುಟಿ ಬಿಗಿಯಿತೇ ಎಂದು ಹುಡುಕುತ್ತಾರೆ.

"ಏನಾದ್ರೂ ಇದ್ಯಾ ಸಾರ್?"

"ಡಾಕ್ಟರ್ ಹೇಳ್ತಾರೆ."

ಕೆಲಸಕ್ಕೆ ಸೇರಿದಂದಿನಿಂದ ಇದೇ ಉತ್ತರ. ಅದು ನಾಲಿಗೆಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಮನೆಯಲ್ಲಿ ಹೆಂಡತಿ ಅಡುಗೆ ಬಡಿಸಿ, "ಉಪ್ಪು ಸಾಕಾ ನೋಡಿ ಹೇಳ್ರೀ. ಡಾಕ್ಟರ್ ಹೇಳ್ತಾರೆ ಅಂತ ಮಾತ್ರ ಅನ್ಬೇಡಿ" ಎಂದು ರೇಗಿಸುತ್ತಿದ್ದಳು. ಅವನೂ ನಗುತ್ತಿದ್ದ. ಆದರೆ ಒಳಗೊಳಗೆ ಅವನಿಗೆ ಆ ಮಾತು ಮುಳ್ಳು. ಗೊತ್ತಿಲ್ಲದವನು ಸುಮ್ಮನಿರುವುದೇನು ದೊಡ್ಡದು? ಇವನಿಗೆ ಗೊತ್ತಿತ್ತು. ಯಾವ ಗೆರೆ ಮನೆಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದು ಕಾಗದ ಹರಿದು ತೆಗೆಯುವ ಹೊತ್ತಿಗೇ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ನುಂಗಿ ನುಂಗಿ ಅವನ ಮುಖ ಗೋಡೆಯ ಹಾಗೆ ಆಗಿತ್ತು.

ಆಸ್ಪತ್ರೆಯವರು ತಿಂಗಳು ತಿಂಗಳು ಎಲ್ಲರ ಸಂಬಳದಲ್ಲಿ ಒಂದಿಷ್ಟು ಹಿಡಿದು ನಿವೃತ್ತಿ ನಿಧಿಗೆ ಹಾಕುತ್ತಿದ್ದರು. ಆ ದುಡ್ಡು ಷೇರುಗಳಲ್ಲಿರಬೇಕೋ, ಏರಿಳಿತವಿಲ್ಲದ ಭದ್ರ ಖಾತೆಯಲ್ಲಿರಬೇಕೋ ಎಂಬುದು ಅವರವರಿಗೆ ಬಿಟ್ಟದ್ದು. ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಹೆಚ್ಚಿನವರು ಸೇರಿದ ದಿನ ಷೇರು ಎಂದು ಗುರುತು ಹಾಕಿ ಮರೆತುಬಿಟ್ಟಿದ್ದರು. ಗೇಟಿನ ವಾಚ್‌ಮನ್ ತನ್ನ ಪಾಸ್‌ವರ್ಡನ್ನೇ ಮರೆತು, ಕೇಳಲು ನಾಚಿಕೆಯಾಗಿ, ಆ ಕಡೆ ತಲೆಯೇ ಹಾಕಿರಲಿಲ್ಲ.

ಇವನೂ ಹಾಗೇ ಇದ್ದವನು. ಒಂದು ದಿನ ರೋಗಿಗಳಿಲ್ಲದ ಮಧ್ಯಾಹ್ನ ಫೋನಿನಲ್ಲಿ ನಿಧಿಯ ಪುಟ ತೆರೆದ. ಅಲ್ಲೊಂದು ಗೆರೆ ಕಂಡಿತು. ಏರಿ, ಇಳಿದು, ಮತ್ತೆ ಏರುವ ಗೆರೆ. ಅವನ ಮೈ ಜುಮ್ಮೆಂದಿತು. ಆ ವಾರವೆಲ್ಲ ಕೂತು ಕಲಿತ. ಬೆಲೆಯ ಸರಾಸರಿಯನ್ನು ಎರಡು ಬಗೆಯಲ್ಲಿ ಎಳೆಯುತ್ತಾರಂತೆ. ಇತ್ತೀಚಿನ ಕೆಲವು ವಾರಗಳದ್ದು ಚುರುಕು ಗೆರೆ, ಹಲವು ತಿಂಗಳುಗಳದ್ದು ನಿಧಾನದ ಗೆರೆ. ಚುರುಕಿನದು ನಿಧಾನದ್ದನ್ನು ದಾಟಿ ಕೆಳಗಿಳಿದರೆ ಷೇರಿನಿಂದ ಹೊರಗೆ ಬಾ ಎಂದು ಸಂಕೇತ. ದಾಟಿ ಮೇಲೆದ್ದರೆ ಒಳಗೆ ಹೋಗು ಎಂದು. ಅಷ್ಟೇ! ಇದನ್ನು ಯಾರು ಬೇಕಾದರೂ ಓದಬಹುದು, ಓದಿದ್ದನ್ನು ಬಾಯಿಬಿಟ್ಟು ಹೇಳಬಹುದು. ಅಡ್ಡ ಬರಲು ಇಲ್ಲಿ ಡಾಕ್ಟರೇ ಇಲ್ಲ.

ಮೊದಲನೆಯ ಸಲವೇ ಅವನ ಅದೃಷ್ಟ ಖುಲಾಯಿಸಿತು. ಅದೇ ಆದದ್ದು ಎಡವಟ್ಟು. ಗೆರೆ ಕೆಳಗೆ ದಾಟಿತು, ಇವನು ಹೊರಬಂದ, ತಿಂಗಳು ಕಳೆಯುವುದರೊಳಗೆ ಷೇರುಪೇಟೆ ಮುಗ್ಗರಿಸಿತು. ಕ್ಯಾಂಟೀನಿನಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಾಗ ಇವನೊಬ್ಬ ಚಹಾ ಹೀರುತ್ತ, "ನಾನು ಆಗ್ಲೇ ಆಚೆ ಬಂದೆ" ಎಂದ. ಎಲ್ಲರೂ ಅವನ ಮುಖ ನೋಡಿದರು. ಈ ಸಲ ಆ ಮುಖದಲ್ಲಿ ಹೇಳಲಿಕ್ಕೆ ಏನೋ ಇತ್ತು, ಮತ್ತು ಅವನು ಹೇಳಿದ. ಸಲಹೆ ಕೇಳಲು ಲ್ಯಾಬಿನವರು ಬಂದರು, ಔಷಧದ ಕಿಟಕಿಯವರು ಬಂದರು, ಆಂಬುಲೆನ್ಸ್ ಚಾಲಕ ಬಂದ. ಯಾರೋ ತಮಾಷೆಗೆ "ಗೆರೆ ಡಾಕ್ಟರು" ಎಂದರು. ಹೆಸರು ಅಂಟಿಕೊಂಡಿತು. ತಮಾಷೆಯೆಂದು ಅವನಿಗೂ ಗೊತ್ತಿತ್ತು. ಆದರೂ ಓಣಿಯಲ್ಲಿ ಯಾರಾದರೂ "ಡಾಕ್ಟ್ರೇ" ಎಂದು ಕರೆದರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ನಗಬೇಡಿ. ಅಷ್ಟು ವರ್ಷ ಬಾಯಿ ಮುಚ್ಚಿ ಕೂತವರಿಗೆ ಅದರ ರುಚಿ ಗೊತ್ತು.

ಅವನ ಅಕ್ಕ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದಳು. ಹಬೆ, ಬಿಸಿನೀರು, ಒದ್ದೆಯಾದ ಹಾಸಿಗೆ ಬಟ್ಟೆಗಳ ಭಾರ, ಇಷ್ಟರಲ್ಲೇ ಅವಳ ಆಯುಸ್ಸು ಸವೆದಿತ್ತು. ತಾಯಿ ಹೋದಾಗ ಇವನನ್ನು ಸಾಕಿದವಳೂ ಅವಳೇ, ಇವನನ್ನು ಓದಿಸಿ ಈ ಕೆಲಸಕ್ಕೆ ಸೇರಿಸಲು ಕಂಡಕಂಡವರ ಬಾಗಿಲು ತಟ್ಟಿದವಳೂ ಅವಳೇ. ಈಗ ಮಣಿಕಟ್ಟು ಊದುತ್ತಿತ್ತು, ಮಂಡಿ ಮಾತು ಕೇಳುತ್ತಿರಲಿಲ್ಲ. ಅವಳ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನಿವೃತ್ತಿಯಾದ ಮೇಲೆ ನಿಧಿಯ ದುಡ್ಡಿನಲ್ಲಿ ಅದೇ ಬೀದಿಯ ತುದಿಯಲ್ಲಿರುವ ನೆಲಮಹಡಿಯ ಮನೆಗೆ ಹೋಗಬೇಕೆಂಬುದು ಅವಳ ಒಂದೇ ಆಸೆ. ಬೆಳಗ್ಗೆ ಬಿಸಿಲು ಬೀಳುವ ಒಂದು ಜಗಲಿ ಅದಕ್ಕೆ. ಆ ಮನೆಯ ಮಾಲೀಕರ ಹತ್ತಿರ ಮಾತೂ ಆಡಿಟ್ಟಿದ್ದಳು.

"ನಂಗೆ ಇದೆಲ್ಲ ತಲೆಗೆ ಹತ್ತಲ್ಲ ಕಣೋ" ಎಂದು ಫೋನನ್ನು ಅವನ ಕೈಗಿಟ್ಟಳು. "ನಂದನ್ನೂ ನೀನೇ ನೋಡ್ಕೋ."

ಹೆಂಡತಿ ಎಚ್ಚರಿಸಿದಳು. "ನಿಮ್ಮ ಗೆರೆ ನಿಮ್ಮ ದುಡ್ಡಿಗಿರ್ಲಿ. ಅತ್ತಿಗೆ ದುಡ್ಡಿಗೆ ಬೇಡ."

"ಅಕ್ಕನೇ ಕೇಳಿದ್ದು ಕಣೇ" ಎಂದ ಅವನು. ದನಿಯಲ್ಲಿ ಹೆಮ್ಮೆ ಮುಚ್ಚಿಟ್ಟರೂ ಮುಚ್ಚುತ್ತಿರಲಿಲ್ಲ.

ಅಲ್ಲಿಂದ ಮುಂದಿನದು ಹೇಳಲಿಕ್ಕೆ ಸಂಕಟ. ಗೆರೆ ಮೇಲೆದ್ದಾಗ ತನ್ನದನ್ನು ಮತ್ತೆ ಷೇರಿಗೆ ಹಾಕಿದ್ದ. ಅದು ಮತ್ತೆ ಕೆಳಗೆ ದಾಟಿತು, ಅಕ್ಕನದನ್ನೂ ತನ್ನದನ್ನೂ ಹೊರಗೆ ತಂದ. ಪೇಟೆ ಬೀಳಲಿಲ್ಲ, ಎದ್ದು ನಡೆಯಿತು. ಗೆರೆ ಮೇಲೆ ದಾಟಿದಾಗ ಮತ್ತೆ ಒಳಗೆ ಹಾಕಿದ, ಮೊದಲು ಬಿಟ್ಟದ್ದಕ್ಕಿಂತ ಹೆಚ್ಚು ಬೆಲೆ ಕೊಟ್ಟು. ಹಾಕಿದ್ದೇ ತಡ, ಮತ್ತೆ ಇಳಿಯಿತು. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕೈಬಿಟ್ಟು ಹೋಯಿತು. ಕ್ಯಾಂಟೀನಿನ ಮಂದಿ ಒಬ್ಬೊಬ್ಬರೇ ಜಾಗ ಬದಲಾಯಿಸಿ ಕೂರತೊಡಗಿದರು. ಆಂಬುಲೆನ್ಸ್ ಚಾಲಕ ಮಾತ್ರ ಎದುರಿಗೇ ಕೇಳಿದ: "ಡಾಕ್ಟ್ರೇ, ಈ ರೋಗಿ ಬದುಕ್ತಾನಾ?"

ಕೆಲಸದಲ್ಲಿ ಅವನಿಗೊಂದು ಅಭ್ಯಾಸವಿತ್ತು. ಗೆರೆ ವಿಕಾರವಾಗಿ ಬಂದರೆ ಗಾಬರಿಯಾಗಬಾರದು. ವೈರು ಸಡಿಲವಾಗಿದೆಯೇ, ರೋಗಿ ಚಳಿಗೆ ನಡುಗುತ್ತಿದ್ದಾನೆಯೇ ನೋಡಬೇಕು. "ಅಲ್ಲಾಡ್ಬೇಡಿ, ಆರಾಮಾಗಿ ಮಲಗಿ" ಎಂದು ಹೇಳಿ ಇನ್ನೊಮ್ಮೆ ತೆಗೆಯಬೇಕು. ಆಗ ಗೆರೆ ನಿಜ ಹೇಳುತ್ತದೆ. ಪೇಟೆಯ ಗೆರೆಯನ್ನೂ ಅವನು ಹಾಗೇ ನೋಡಿದ. ಸಂಕೇತ ಸುಳ್ಳಾದಾಗಲೆಲ್ಲ ಇದು ಬರೀ ನಡುಕ, ಇನ್ನೊಂದು ಸಲ ಕಾದರೆ ನಿಜವಾದದ್ದು ಬರುತ್ತದೆ ಎಂದುಕೊಂಡ. ಆದರೆ ಆರಾಮಾಗಿ ಮಲಗಿ ಎಂದು ಹೇಳಲು ಇಲ್ಲಿ ಮಂಚದ ಮೇಲೆ ಯಾರೂ ಇರಲಿಲ್ಲ. ಇಷ್ಟು ಸರಳ ವಿಷಯ ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಆಮೇಲೆ ದೊಡ್ಡ ಕುಸಿತ ಬಂತು. ಗೆರೆಗಳು ಒಂದನ್ನೊಂದು ದಾಟಲು ಪುರುಸೊತ್ತೇ ಇಲ್ಲದಷ್ಟು ವೇಗವಾಗಿ ಬಂತು. ನಿಧಾನದ ಗೆರೆ ಹೆಸರಿಗೆ ತಕ್ಕಂತೆ ನಿಧಾನವಾಗಿಯೇ ಇತ್ತು. ಕೊನೆಗೆ ಸಂಕೇತ ಬಂದಾಗ ಬೀಳಬೇಕಾದದ್ದೆಲ್ಲ ಬಿದ್ದಾಗಿತ್ತು. ಆದರೂ ಅವನು ನಿಯಮ ಬಿಡಲಿಲ್ಲ. ತನ್ನದನ್ನು ಹೊರಗೆ ತೆಗೆದ, ಅಕ್ಕನದನ್ನೂ ತೆಗೆದ. ಮರುವಾರವೇ ಪೇಟೆ ಚೇತರಿಸಿಕೊಂಡಿತು. ಸಂಕೇತ ಬರಲಿ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದ. ಅದು ಬರುವ ಹೊತ್ತಿಗೆ ಬೆಲೆ ಮೊದಲಿನ ಜಾಗಕ್ಕೆ ಹೋಗಿ ಕೂತಿತ್ತು. ಇಳಿಯುವಾಗ ಅಕ್ಕನ ದುಡ್ಡು ಜೊತೆಯಲ್ಲೇ ಇಳಿದಿತ್ತು, ಹತ್ತುವಾಗ ಜೊತೆಗಿರಲಿಲ್ಲ.

ಲೆಕ್ಕಪತ್ರ ವಿಭಾಗದ ಹೆಂಗಸು ಒಂದು ದಿನ ಓಣಿಯಲ್ಲಿ ಸಿಕ್ಕಳು. ಕೆಟ್ಟ ಮನಸ್ಸಿನವಳಲ್ಲ, ಮಾತು ಮಾತ್ರ ಸ್ವಲ್ಪ ಹೆಚ್ಚು.

"ಗೊತ್ತಾ, ನಮ್ಮ ವಾಚ್‌ಮನ್‌ಗೆ ಹೊಸ ಪಾಸ್‌ವರ್ಡ್ ಮಾಡಿಕೊಟ್ಟೆ. ಏನೂ ಮುಟ್ಟಿಲ್ಲ ನೋಡಿ ಆ ಮನುಷ್ಯ, ಲಾಂಡ್ರಿ ಅಕ್ಕಂಗಿಂತ ಎಷ್ಟೋ ಜಾಸ್ತಿ ಇದೆ. ಇಬ್ರೂ ಒಂದೇ ವರ್ಷ ಸೇರಿದ್ದು, ಸಂಬಳನೂ ಹೆಚ್ಚೂಕಮ್ಮಿ ಒಂದೇ. ಅದ್ಹೇಗೆ?"

ಅದ್ಹೇಗೆ ಎಂಬುದು ಅವನಿಗೆ ಗೊತ್ತಿತ್ತು. ಈ ಸಲವೂ ಗೊತ್ತಿತ್ತು, ಈ ಸಲವೂ ಬಾಯಿ ಬಿಡಲಾಗಲಿಲ್ಲ.

ರಜೆಯ ದಿನ ಬೆಳಗ್ಗೆ ಅಕ್ಕನ ಮೆಟ್ಟಿಲು ಹತ್ತಿದ. ತಿರುವು ತಿರುವಿನಲ್ಲಿ ನಿಂತು, ಏನೆಂದು ಶುರು ಮಾಡಲಿ ಎಂದು ಯೋಚಿಸಿದ. ಅಕ್ಕ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ಮಣಿಕಟ್ಟಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಅವನು ಸುತ್ತಿ ಬಳಸದೆ ಎಲ್ಲ ಹೇಳಿದ.

ಅಕ್ಕ ಮುಲಾಮಿನ ಮುಚ್ಚಳ ತಿರುಗಿಸಿ ಮುಚ್ಚಿದಳು. ಆಮೇಲೆ ಕೇಳಿದಳು:

"ನಿಂದೂ ಹಂಗೇ ಆಯ್ತಾ?"

"ಹೂಂ ಅಕ್ಕ. ನಂದೂ."

"ನಿಂಗಿನ್ನೂ ವರ್ಷ ಇದೆ, ತುಂಬ್ಕೋತೀಯ" ಎಂದಳು. ಮುಲಾಮನ್ನು ಕಿಟಕಿಯಲ್ಲಿಟ್ಟು, "ನಾನು ನೋಡ್ಕೋ ಅಂತ ಕೊಟ್ಟಿದ್ದೆ ಕಣೋ. ಆಟ ಆಡು ಅಂತ ಅಲ್ಲ" ಎಂದಳು.

"ಆಟ ಅಲ್ಲ ಅಕ್ಕ, ನಾನು ಗೆರೆ ನೋಡೇ..."

"ಸಾಕು ಬಿಡು."

ಬೈದಿದ್ದರೆ ತಾಳಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ, ಎದ್ದು ಅವನಿಗೆ ಚಹಾ ಮಾಡಿದಳು. ಲೋಟ ಎತ್ತುವಾಗ ಅವಳ ಕೈ ನೋವಿಗೆ ಸೊಟ್ಟಗಾದದ್ದನ್ನು ಅವನು ನೋಡಿದ. ನೆಲಮಹಡಿಯ ಮನೆಯವರಿಗೆ ಬೇಡವೆಂದು ಹೇಳಿ ಕಳಿಸುತ್ತೇನೆ, ಆಸ್ಪತ್ರೆಯ ಮೇಲಧಿಕಾರಿಗಳನ್ನು ಕೇಳಿ ಲಾಂಡ್ರಿಯಲ್ಲೇ ಇನ್ನೆರಡು ವರ್ಷ ಮುಂದುವರಿಯುತ್ತೇನೆ ಎಂದು ಅವಳೇ ಹೇಳಿದಳು. ತಿಂಗಳು ತಿಂಗಳು ನಾನು ಕೊಡುತ್ತೇನೆ ಅಕ್ಕ ಎಂದು ಅವನು ಅಂಗಲಾಚಿದ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಇಳಿದು ಬರುವಾಗ ಅವನಿಗೆ ಅಳು ತಡೆಯಲಾಗಲಿಲ್ಲ, ಮೆಟ್ಟಿಲ ಮೇಲೇ ನಿಂತು ಅತ್ತ.

ಕೆಲಸ ಮುಂದುವರಿಸಬೇಕಾದರೆ ದೇಹ ಗಟ್ಟಿಯಿದೆಯೆಂದು ಡಾಕ್ಟರು ಬರೆದು ಕೊಡಬೇಕು. ಅದಕ್ಕೆ ಇಸಿಜಿ ಆಗಬೇಕು. ಬೇರೆ ಪಾಳಿಯಲ್ಲಿ ಇನ್ನೊಬ್ಬ ತೆಗೆಯುತ್ತಿದ್ದ, ಅಕ್ಕ ಅಲ್ಲಿಗೆ ಹೋಗಬಹುದಿತ್ತು. ಹೋಗಲಿಲ್ಲ, ಇವನ ಪಾಳಿಗೇ ಬಂದಳು. ಬಾಗಿಲಲ್ಲಿ ಅವಳನ್ನು ಕಂಡಾಗ ಅವನ ಜೀವಕ್ಕೆ ಎಷ್ಟೋ ಹಗುರವಾಯಿತು.

ಪರದೆಯೊಳಗೆ ನರ್ಸ್ ಎದೆಗೆ ಪಟ್ಟಿ ಅಂಟಿಸಿ, ಹೊದಿಕೆ ಹೊದಿಸಿ ಈಚೆ ಬಂದಳು. ಅವನು ಯಂತ್ರದ ಪಕ್ಕ ನಿಂತ.

"ಕೈ ಸಡಿಲ ಬಿಡಕ್ಕ. ಅಲ್ಲಾಡ್ಬೇಡ."

ಕಾಗದ ಬರತೊಡಗಿತು. ಆ ಗಳಿಗೆಯಲ್ಲಿ ಅವನ ಮನಸ್ಸಿಗೆ ಒಂದು ಹಾಳು ಯೋಚನೆ ಬಂತು: ಗೆರೆಯಲ್ಲಿ ಒಂದು ಸಣ್ಣ ಕೊಂಕಿರಲಿ, ಲಾಂಡ್ರಿ ಕೆಲಸ ಬೇಡ ಎಂದು ಡಾಕ್ಟರೇ ಬರೆಯುವಷ್ಟು. ಛೀ, ಅಕ್ಕನ ಎದೆಗೆ ಏನು ಕೋರುತ್ತಿದ್ದೇನೆ ಎಂದು ಅವನಿಗೇ ಹೆದರಿಕೆಯಾಯಿತು. ಕೊಂಕೇನೂ ಇರಲಿಲ್ಲ. ಉದ್ದಕ್ಕೂ ಒಂದೇ ಸಮ, ಒಂದೇ ಎತ್ತರ. ಆ ಕೋಣೆಯಲ್ಲಿ ಅಷ್ಟು ಚೊಕ್ಕವಾದ ಗೆರೆ ಅವನು ಕಂಡು ಬಹಳ ದಿನವಾಗಿತ್ತು. ಇನ್ನೆರಡು ವರ್ಷ ಒದ್ದೆ ಬಟ್ಟೆ ಎತ್ತಲು ಏನೂ ಅಡ್ಡಿಯಿಲ್ಲ.

ಅವನು ಅಕ್ಕನ ಕಡೆ ತಿರುಗಿದ. ಆ ಮಂಚದ ಮೇಲೆ ಮಲಗಿದವರೆಲ್ಲ ಅವನ ಮುಖವನ್ನೇ ಹುಡುಕುವವರು. ಅಕ್ಕ ಛಾವಣಿ ನೋಡುತ್ತಿದ್ದಳು.

ಅವನು ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿ ನಿಯಮ ಮುರಿದ.

"ಅಕ್ಕ, ಗೆರೆ ಚೆನ್ನಾಗಿದೆ. ಏನೂ ತೊಂದ್ರೆ ಇಲ್ಲ."

ನರ್ಸ್ ಪಟ್ಟಿ ಬಿಡಿಸಿದ ಮೇಲೆ ಅಕ್ಕ ನಿಧಾನವಾಗಿ ಎದ್ದು ಕೂತಳು. ಹೊದಿಕೆ ಸರಿಮಾಡಿಕೊಂಡು, ಚಪ್ಪಲಿಗೆ ಕಾಲು ತೂರಿಸುತ್ತ, ಸಿಟ್ಟೇ ಇಲ್ಲದ ದನಿಯಲ್ಲಿ ಹೇಳಿದಳು:

"ಇರ್ಲಿ ಬಿಡು ತಮ್ಮಾ. ಡಾಕ್ಟರ್ ಹೇಳ್ತಾರೆ."

ಬಟ್ಟೆ ಸರಿಮಾಡಿಕೊಂಡು, ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಅವಳು ಓಣಿಯಲ್ಲಿ ಗೋಡೆ ಹಿಡಿದು ನಡೆದುಹೋದಳು. ಹೊರಗೆ ಬೆಂಚಿನ ಮೇಲೆ ಕಾದಿದ್ದ ಮುದುಕರೊಬ್ಬರು ಒಳಗೆ ಬಂದು ಮಂಚದ ಮೇಲೆ ಮಲಗಿ ಅವನ ಮುಖ ನೋಡತೊಡಗಿದರು.